ಗಾಳಿಗೆ ಅರ್ಧ ಇಂಚು ಜಾಗ

ಇಂಜಿನ್ನಿಗೆ ಗಾಳಿ ಒಯ್ಯುವ ದಾರಿಯಲ್ಲಿ ಎರಡು ಭಾಗಗಳು ಕೂಡುವ ಕಡೆ, ಅವುಗಳ ನಡುವೆ ಸೇರಿಸುವ ದಪ್ಪನೆಯ ಚೌಕಟ್ಟಿಗೆ ಸ್ಪೇಸರ್ ಎಂದು ಹೆಸರು. ಅದರಲ್ಲಿ ತಿರುಗುವ ಭಾಗವಿಲ್ಲ, ಸ್ಪ್ರಿಂಗಿಲ್ಲ, ವೈರಿಲ್ಲ. ಮೂಲ ಭಾಗದ ಅಂಚಿಗೆ ಸರಿಹೊಂದುವಂತೆ ಕತ್ತರಿಸಿದ ಆಕಾರ, ಬೋಲ್ಟು ತೂರಲು ತೂತುಗಳು, ನಡುವೆ ಗಾಳಿಗೆ ಬಯಲು, ಇಷ್ಟೇ. ಕಾರು ಕಂಪನಿಯಲ್ಲದೆ ಬೇರೆಯವರು ಮಾಡಿ ಮಾರುವ ಬಿಡಿಭಾಗಗಳ ದೊಡ್ಡ ಪೇಟೆಯಲ್ಲಿ ಇಷ್ಟು ಸರಳವಾದ ಸರಕು ಕಡಿಮೆ. 2002ರಲ್ಲಿ ಬಂದ ನಿಸ್ಸಾನ್ 350ಝಡ್ ಎಂಬ ಸ್ಪೋರ್ಟ್ಸ್ ಕಾರಿನ ಒಡೆಯರ ನಡುವೆ ಅದು ಮನೆಮಾತಾಯಿತು. ಆದರೆ ಅದರ ಬೇರು ಇರುವುದು ಅಮೆರಿಕದ ಮೋಟಾರು ಷೆಡ್ಡುಗಳಲ್ಲಿ, ಅದರಲ್ಲೂ ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ. ಕಾರ್ಖಾನೆ ಕೊಟ್ಟ ಗಾಳಿದಾರಿಯೇ ಕೊನೆಯ ಮಾತೆಂದು ಒಪ್ಪದೆ ಬಿಚ್ಚಿ, ಅಳೆದು, ತಿದ್ದುವ ರೂಢಿ ಅಲ್ಲಿ ಬೆಳೆದದ್ದು.

ಪೆಟ್ರೋಲ್ ಇಂಜಿನ್ನಿನ ಶಕ್ತಿಗೆ ಮಿತಿ ಹಾಕುವುದು ಪೆಟ್ರೋಲಲ್ಲ, ಗಾಳಿ. ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲನ್ನು ಪಂಪು ಬೇಕಾದಷ್ಟು ತಳ್ಳಿಕೊಡುತ್ತದೆ. ಗಾಳಿಗೆ ಆ ಸವಲತ್ತಿಲ್ಲ. ಪಿಸ್ಟನ್ ಕೆಳಗಿಳಿದಾಗ ತೆರವಾದ ಜಾಗಕ್ಕೆ ಹೊರಗಿನ ವಾತಾವರಣದ ಒತ್ತಡವೇ ಅದನ್ನು ನುಗ್ಗಿಸಬೇಕು. ಮೂರೂವರೆ ಲೀಟರಿನ ಫೋರ್‌ಸ್ಟ್ರೋಕ್ ಇಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ, ಸಿಲಿಂಡರುಗಳು ಭರ್ತಿಯಾಗಬೇಕಾದರೆ ನಿಮಿಷಕ್ಕೆ ಸುಮಾರು 10,500 ಲೀಟರ್ ಗಾಳಿ ಒಳಹೋಗಬೇಕು. ಪ್ರತಿ ಸಿಲಿಂಡರಿನ ಗಾಳಿ ವಾಲ್ವು ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ. ಒಂದೊಂದು ಸಲವೂ ತೆರೆದಿರುವ ಹೊತ್ತು ಸೆಕೆಂಡಿನ ನೂರನೇ ಒಂದು ಭಾಗದಷ್ಟೂ ಇಲ್ಲ. ಇಷ್ಟು ಅವಸರದಲ್ಲಿ ದಾರಿಯ ಒಂದು ಇಕ್ಕಟ್ಟು, ಒಂದು ಕಡಿದಾದ ತಿರುವು, ತಲೆಗೆ ತಾಗುವ ಒಂದು ತಗ್ಗು ಮಾಡು ಕೂಡ ಲೆಕ್ಕಕ್ಕೆ ಬರುತ್ತದೆ. ಕಾರ್ಖಾನೆಯ ಇಂಜಿನಿಯರುಗಳಿಗೆ ಇದು ಗೊತ್ತಿಲ್ಲದ್ದಲ್ಲ. ಆದರೆ ಅವರ ಮುಂದೆ ಬೆಲೆ, ಸದ್ದು, ಮೈಲೇಜು, ಬಾನೆಟ್ಟಿನ ಎತ್ತರ ಎಲ್ಲವೂ ಸಾಲುಗಟ್ಟಿರುತ್ತವೆ. ಗಾಳಿಗೆ ಸಿಗುವುದು ಉಳಿದ ಜಾಗ.

ಈ ಉಳಿದ ಜಾಗದ ಬಗ್ಗೆ ಮೊದಲು ತಕರಾರು ತೆಗೆದವರು ಫೋರ್ಡ್ ಮಾಡೆಲ್ ಟಿ ಒಡೆಯರು. 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾದ ಆ ಕಾರಿನ 2.9 ಲೀಟರ್ ಇಂಜಿನ್ ಕೊಡುತ್ತಿದ್ದುದು 20 ಅಶ್ವಶಕ್ತಿ. ಹಳ್ಳಿ ದಾರಿಗೆ ಅಷ್ಟು ಸಾಕು, ಪಂದ್ಯಕ್ಕೆ ಸಾಲದು. ಕಾರು ಅಗ್ಗ, ಹಳತಾದದ್ದು ಇನ್ನೂ ಅಗ್ಗ, ಬಿಚ್ಚಿ ಕಟ್ಟಲು ಸುಲಭ. ಹೀಗಾಗಿ ಅದರ ಸುತ್ತ ಬಿಡಿಭಾಗಗಳ ವ್ಯಾಪಾರವೊಂದು ಹುಟ್ಟಿತು. ವಿಸ್ಕಾನ್ಸಿನ್ ರಾಜ್ಯದ ರಸೀನ್ ಊರಿನ ಜೋ ಯಾಗರ್ಸ್‌ಬರ್ಗರ್ 'ರಾಜೋ' ಹೆಸರಿನ ಸಿಲಿಂಡರ್ ಹೆಡ್ಡುಗಳನ್ನು ಮಾರಿದರು. ಷೆವರ್ಲೆ ಕಾರಿಗೆ ಹೆಸರು ಕೊಟ್ಟು ಆ ಕಂಪನಿಯಿಂದ ಹೊರಬಿದ್ದಿದ್ದ ಲೂಯಿ ಷೆವರ್ಲೆ, ತಮ್ಮ ಆರ್ಥರ್ ಜೊತೆ ಸೇರಿ 'ಫ್ರಾಂಟೆನಾಕ್' ಹೆಡ್ಡುಗಳನ್ನು ಮಾಡಿದರು. ಫೋರ್ಡಿನ ಮೂಲ ಇಂಜಿನ್ನಿನಲ್ಲಿ ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿದ್ದು ಗಾಳಿ ಸುತ್ತಿ ಬಳಸಿ ಬರಬೇಕಿತ್ತು. ಹೊಸ ಹೆಡ್ಡುಗಳು ವಾಲ್ವುಗಳನ್ನು ಮೇಲಕ್ಕೆ ತಂದು ದಾರಿಯನ್ನು ನೇರ ಮಾಡಿದವು.

1932ರಲ್ಲಿ ಫೋರ್ಡ್ ಕಂಪನಿ ಸಾಮಾನ್ಯರ ಕೈಗೆಟಕುವ ಬೆಲೆಗೆ ಎಂಟು ಸಿಲಿಂಡರಿನ ವಿ-8 ಇಂಜಿನ್ ತಂದಿತು. 221 ಘನ ಇಂಚು, ಎಂದರೆ ಸುಮಾರು 3.6 ಲೀಟರ್, ಶಕ್ತಿ 65 ಅಶ್ವ. ಎಂಟು ಸಿಲಿಂಡರಿಗೆ ಇದ್ದುದು ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬ್ಯುರೇಟರ್ ಒಂದೇ, ಅದಕ್ಕೆ ಬಾಯಿಯೂ ಒಂದೇ. ಎರಡು ಬಾಯಿಯ ಸ್ಟ್ರೋಮ್‌ಬರ್ಗ್ ಕಾರ್ಬ್ಯುರೇಟರನ್ನೂ ಅದಕ್ಕೆ ತಕ್ಕ ಹೊಸ ಮ್ಯಾನಿಫೋಲ್ಡನ್ನೂ 1934ರಲ್ಲಿ ಕಂಪನಿಯೇ ಹಾಕಿದಾಗ ಅದೇ ಗಾತ್ರದ ಇಂಜಿನ್ 85 ಅಶ್ವಶಕ್ತಿ ತೋರಿಸಿತು. ಗಾಳಿಯನ್ನು ಕಾರ್ಬ್ಯುರೇಟರಿನಿಂದ ಸಿಲಿಂಡರುಗಳಿಗೆ ಹಂಚುವ ಎರಕದ ಕವಲು ಕೊಳವೆಯೇ ಮ್ಯಾನಿಫೋಲ್ಡ್. ಇಂಜಿನ್ನಿನ ಒಳಗೆ ಕೈ ಹಾಕದೆ, ಮೇಲಿನ ಈ ಒಂದು ತುಂಡನ್ನು ಬದಲಿಸಿದರೂ ಫಲ ಸಿಗುತ್ತದೆಂಬುದನ್ನು ಲಾಸ್ ಏಂಜಲೀಸಿನ ಹುಡುಗರು ಚೆನ್ನಾಗಿ ಗಮನಿಸಿದರು.

ಅವರಲ್ಲೊಬ್ಬರು ಕಾನ್ಸಸ್‌ನಿಂದ ವಲಸೆ ಬಂದು ಗ್ಯಾರೇಜು ಇಟ್ಟಿದ್ದ ವಿಕ್ ಎಡಲ್‌ಬ್ರಾಕ್. 1938ರಲ್ಲಿ ಅವರು ತಮ್ಮ 1932ರ ಫೋರ್ಡ್ ರೋಡ್‌ಸ್ಟರಿಗಾಗಿ ಎರಡು ಕಾರ್ಬ್ಯುರೇಟರ್ ಕೂರಿಸುವ ಮ್ಯಾನಿಫೋಲ್ಡ್ ರೂಪಿಸಿದರು. ನೋಡಲು ಕವಣೆಯ ಕವಲಿನಂತಿದ್ದುದರಿಂದ ಅದಕ್ಕೆ 'ಸ್ಲಿಂಗ್‌ಶಾಟ್' ಎಂಬ ಹೆಸರು ಬಿತ್ತು. ಅದರ ಮೇಲೆ ಕೂರುತ್ತಿದ್ದುದು ಸ್ಟ್ರೋಮ್‌ಬರ್ಗ್ 97. ಗಾಳಿ ಹಾಯುವ ಕಿರಿದಾದ ಕುತ್ತಿಗೆಯ ಅಗಲ 0.97 ಇಂಚು ಇದ್ದುದರಿಂದ ಆ ಸಂಖ್ಯೆ. ಒಂದು ಕಾರ್ಬ್ಯುರೇಟರಿನಲ್ಲಿ ಇಂಥ ಕುತ್ತಿಗೆ ಎರಡು, ಎರಡರಲ್ಲಿ ನಾಲ್ಕು, ಗಾಳಿದಾರಿ ಇಮ್ಮಡಿಯಾದಂತಾಯಿತು. ಈ ಮ್ಯಾನಿಫೋಲ್ಡುಗಳು ನೂರರಷ್ಟು ಮಾತ್ರ ತಯಾರಾದವು. ವ್ಯಾಪಾರವೆಂದು ಲೆಕ್ಕ ಹಾಕಿದರೆ ಅದು ಏನೇನೂ ಅಲ್ಲ. ಆದರೆ 1941ರ ನವೆಂಬರಿನಲ್ಲಿ ರೋಸಮಂಡ್ ಎಂಬ ಒಣ ಕೆರೆಯಂಗಳದಲ್ಲಿ ಅದೇ ರೋಡ್‌ಸ್ಟರ್ ಗಂಟೆಗೆ 121 ಮೈಲಿ, ಅಂದರೆ ಸುಮಾರು 195 ಕಿ.ಮೀ. ವೇಗ ಮುಟ್ಟಿದಾಗ ಮಾಲಿಗೆ ಬೇರೆ ಜಾಹೀರಾತು ಬೇಕಿರಲಿಲ್ಲ.

ಒಣ ಕೆರೆಗಳೆಂದರೆ ಲಾಸ್ ಏಂಜಲೀಸಿನ ಉತ್ತರಕ್ಕೆ ಮೊಹಾವಿ ಮರುಭೂಮಿಯಲ್ಲಿರುವ ಸಮತಟ್ಟಾದ ಗಟ್ಟಿ ಮಣ್ಣಿನ ಬಯಲುಗಳು: ಮುರೋಕ್, ರೋಸಮಂಡ್, ಎಲ್ ಮಿರಾಜ್. ವಾರದ ಕೊನೆಗೆ ಅಲ್ಲಿ ಸೇರುತ್ತಿದ್ದ ಹುಡುಗರ ಓಟಗಳಿಗೆ ಒಂದು ಕಟ್ಟುಪಾಡು ತಂದದ್ದು 1937ರಲ್ಲಿ ಹುಟ್ಟಿದ ದಕ್ಷಿಣ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್. ಓಡಿದ ದೂರ ನಿಗದಿ, ಹೊತ್ತು ಅಳೆಯುವ ಯಂತ್ರ ಒಂದೇ, ದಾಖಲೆ ಬರಹದಲ್ಲಿ. ಇದರಿಂದ ಆದ ಉಪಕಾರ ದೊಡ್ಡದು. ಯಾರ ಮ್ಯಾನಿಫೋಲ್ಡ್ ಉತ್ತಮ ಎಂಬ ವಾದವನ್ನು ಬಾಯಿಬಲದಲ್ಲಿ ಗೆಲ್ಲಲು ಆಗುತ್ತಿರಲಿಲ್ಲ; ಗಡಿಯಾರ ಹೇಳಬೇಕಿತ್ತು. ಮುರೋಕ್ ಬಯಲು ಮುಂದೆ ಸೇನೆಯ ಪಾಲಾಗಿ ಇಂದು ಎಡ್ವರ್ಡ್ಸ್ ವಾಯುನೆಲೆಯೊಳಗೆ ಸೇರಿಹೋಗಿದೆ. ಓಟಗಳು 1949ರಲ್ಲಿ ಯೂಟಾ ರಾಜ್ಯದ ಬಾನ್‌ವಿಲ್ ಉಪ್ಪಿನ ಬಯಲಿಗೂ ಹರಡಿದವು.

ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರಲ್ಲಿ ಅನೇಕರ ಕೈಗೆ ಯಂತ್ರಗಳ ಪಳಗಿಕೆ ಇತ್ತು, ಜೇಬಿನಲ್ಲಿ ಸ್ವಲ್ಪ ದುಡ್ಡೂ ಇತ್ತು. 1946ರಲ್ಲಿ ಎಡಲ್‌ಬ್ರಾಕ್ ಮೊದಲ ಕ್ಯಾಟಲಾಗು ಹೊರತಂದರು. ಫಿಲ್ ವಯಾಂಡ್, ಬಾರ್ನಿ ನವಾರೋ ಮೊದಲಾದವರೂ ಮ್ಯಾನಿಫೋಲ್ಡುಗಳನ್ನು ಎರಕ ಹೊಯ್ದು ಮಾರುತ್ತಿದ್ದರು. 1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ ಮತ್ತು ರಾಬರ್ಟ್ ಲಿಂಡ್ಸೆ 'ಹಾಟ್ ರಾಡ್' ಪತ್ರಿಕೆ ಶುರುಮಾಡಿದ ಮೇಲೆ, ಅಯೋವಾದ ಹಳ್ಳಿಯ ಹುಡುಗನೂ ಅಂಚೆಯಲ್ಲಿ ಮ್ಯಾನಿಫೋಲ್ಡ್ ತರಿಸಿ, ಪತ್ರಿಕೆಯ ಚಿತ್ರ ನೋಡಿಕೊಂಡು ಮನೆಯಂಗಳದಲ್ಲಿ ಕೂರಿಸುವಂತಾಯಿತು. ಬಿಡಿಭಾಗದ ಜೊತೆಗೆ ಅದನ್ನು ಹಾಕುವ ವಿವರವೂ ಮಾರಾಟವಾಗತೊಡಗಿದ್ದು ಈ ಕಾಲದಲ್ಲಿ. ತಯಾರಕರು 1963ರಲ್ಲಿ ಒಂದು ಸಂಘ ಕಟ್ಟಿಕೊಂಡರು. ಕ್ಯಾಮ್‌ಷಾಫ್ಟ್ ತಯಾರಕ ಎಡ್ ಇಸ್ಕಂಡೇರಿಯನ್ ಅದರ ಮೊದಲ ಅಧ್ಯಕ್ಷ. ಸೀಮಾ ಎಂಬ ಹೆಸರಿನ ಆ ಸಂಘ ಈಗ ಲಾಸ್ ವೇಗಸಿನಲ್ಲಿ ನಡೆಸುವ ಮೇಳ ಈ ದಂಧೆಯ ವಾರ್ಷಿಕ ಜಾತ್ರೆ.

ಇಷ್ಟು ಹೊತ್ತಿಗೆ ಗಾಳಿದಾರಿಯ ಅಗಲದ ಜೊತೆಗೆ ಅದರ ಉದ್ದವೂ ಮುಖ್ಯವೆಂಬ ತಿಳುವಳಿಕೆ ಬಂದಿತ್ತು. ವಾಲ್ವು ಮುಚ್ಚಿದಾಗ ನುಗ್ಗಿ ಬರುತ್ತಿದ್ದ ಗಾಳಿ ಅದಕ್ಕೆ ಬಡಿದು, ಒತ್ತಡದ ಅಲೆಯೊಂದು ಶಬ್ದದ ವೇಗದಲ್ಲಿ ಕೊಳವೆಯಲ್ಲಿ ಹಿಂದಕ್ಕೆ ಓಡುತ್ತದೆ. ಕೊಳವೆಯ ಬಾಯಿ ಮುಟ್ಟಿ ಮರಳುತ್ತದೆ. ವಾಲ್ವು ಮತ್ತೆ ತೆರೆಯುವ ಕ್ಷಣಕ್ಕೆ ಸರಿಯಾಗಿ ಒತ್ತಡದ ಅಲೆ ಬಂದರೆ ಸಿಲಿಂಡರಿಗೆ ಹೆಚ್ಚು ಗಾಳಿ ಸಿಗುತ್ತದೆ, ತಪ್ಪಿದರೆ ಕಡಿಮೆ. ಕ್ರೈಸ್ಲರ್ ಕಂಪನಿ ಇದನ್ನೇ ನೆಚ್ಚಿಕೊಂಡು 1960ರ 300ಎಫ್ ಕಾರಿಗೆ 30 ಇಂಚು ಉದ್ದದ ಕೊಳವೆಗಳನ್ನು ಕೊಟ್ಟಿತು. ಎಡ ಸಾಲಿನ ಸಿಲಿಂಡರುಗಳಿಗೆ ಬಲಗಡೆಯ ಕಾರ್ಬ್ಯುರೇಟರಿನಿಂದ, ಬಲ ಸಾಲಿಗೆ ಎಡಗಡೆಯದರಿಂದ ಗಾಳಿ. ಬಾನೆಟ್ ಎತ್ತಿದರೆ ಇಂಜಿನ್ನಿನ ಮೇಲೆ ತೋಳು ಕಟ್ಟಿ ಮಲಗಿದ ಕೊಳವೆಗಳ ದೃಶ್ಯ. ಈ ಏರ್ಪಾಟು 375 ಅಶ್ವಶಕ್ತಿ ಕೊಡುತ್ತಿತ್ತು. ಪಂದ್ಯದ ಆಸಕ್ತರಿಗಾಗಿ ಇದ್ದ ಇನ್ನೊಂದು ಮಾದರಿಯಲ್ಲಿ ಹೊರಗಿನ ಎರಕ ಹಾಗೆಯೇ ಇದ್ದು, ಒಳಗಿನ ನಡುಗೋಡೆಯ ಅರ್ಧ ಮಾತ್ರ ಇರುತ್ತಿರಲಿಲ್ಲ. ಅಲೆಯ ಲೆಕ್ಕಕ್ಕೆ ಕೊಳವೆ 15 ಇಂಚಾಯಿತು, ಶಕ್ತಿ 400ಕ್ಕೆ ಏರಿತು, ಅದೂ ಹೆಚ್ಚಿನ ಸುತ್ತಿನಲ್ಲಿ. ಅದೇ ಕಂಪನಿಯ ಇಂಜಿನಿಯರುಗಳು ಬಿಡುವಿನಲ್ಲಿ ಕಟ್ಟಿಕೊಂಡ ರಾಮ್‌ಚಾರ್ಜರ್ಸ್ ಎಂಬ ಕೂಟ, ಹಳೆಯ 1949ರ ಪ್ಲಿಮತ್ ಕಾರಿನ ಮೇಲೆ ಗೋಪುರದಂಥ ಮ್ಯಾನಿಫೋಲ್ಡ್ ನಿಲ್ಲಿಸಿ ಪಂದ್ಯಕ್ಕೆ ಇಳಿದಿತ್ತು. ಹಗಲು ಕಂಪನಿಗೆ ಕೆಲಸ, ರಾತ್ರಿ ಕಂಪನಿಯ ಕಾರಿನ ತಿದ್ದುಪಡಿ.

ಸ್ಪೇಸರ್ ತನ್ನದೇ ಆದ ಸರಕಾಗಿ ಕಾಣಿಸಿಕೊಳ್ಳುವುದು ನಾಲ್ಕು ಬಾಯಿಯ ಕಾರ್ಬ್ಯುರೇಟರುಗಳ ಕಾಲದಲ್ಲಿ. 1957ರಲ್ಲಿ ಬಂದ ಹಾಲಿ 4150 ಮಾದರಿಯ ಕಾರ್ಬ್ಯುರೇಟರಿನ ತಳದ ಬೋಲ್ಟುಗಳ ಅಂತರ ಒಂದು ಅಳತೆಗೋಲಾಗಿ ನಿಂತುಬಿಟ್ಟಿತು. ಮ್ಯಾನಿಫೋಲ್ಡ್ ಯಾರದೇ ಇರಲಿ, ಕಾರ್ಬ್ಯುರೇಟರ್ ಯಾರದೇ ಇರಲಿ, ನಡುವೆ ಒಂದು ಇಂಚಿನ ಚಪ್ಪಡಿ ಇಡಬಹುದಿತ್ತು. ಇದರಲ್ಲಿ ಎರಡು ಬಗೆ ಬಳಕೆಗೆ ಬಂದವು. ನಡುವೆ ಒಂದೇ ದೊಡ್ಡ ಬಯಲಿರುವ ಚಪ್ಪಡಿ ಕಾರ್ಬ್ಯುರೇಟರಿನ ಕೆಳಗಿನ ಕೋಣೆಯನ್ನು ಹಿಗ್ಗಿಸುತ್ತದೆ. ಹೆಚ್ಚಿನ ಸುತ್ತಿಗೆ ಅನುಕೂಲ. ನಾಲ್ಕು ಬೇರೆ ಬೇರೆ ತೂತುಗಳಿರುವುದು ನಾಲ್ಕು ಧಾರೆಗಳನ್ನೂ ಇನ್ನಷ್ಟು ದೂರ ನೇರವಾಗಿ ಇಳಿಸುತ್ತದೆ. ಗಾಳಿಯ ವೇಗ ಕುಗ್ಗದೆ ಕಡಿಮೆ ಸುತ್ತಿನಲ್ಲಿ ಎಳೆತ ಚೆನ್ನಾಗಿರುತ್ತದೆ.

ವಸ್ತುವಿನ ಆಯ್ಕೆಗೂ ಕಾರಣವಿದೆ. ಬಿಸಿ ಇಂಜಿನ್ನಿಗೆ ಅಂಟಿಕೊಂಡ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಕುದಿಯುತ್ತದೆ, ಬಿಸಿಯಾದ ಗಾಳಿ ಹಿಗ್ಗಿ ಹಗುರಾಗುತ್ತದೆ. ಆದ್ದರಿಂದ ಅಲ್ಯುಮಿನಿಯಂ ಜೊತೆಗೆ ಶಾಖ ಹಾಯದ ಫಿನಾಲಿಕ್ ರಾಳದ ಚಪ್ಪಡಿಗಳು, ಪದರು ಮರದವು ಕೂಡ ಬಂದವು. ಕರ್ನಾಟಕದ ಯಾವುದೇ ಬೈಕ್ ಗ್ಯಾರೇಜಿನ ಮೇಸ್ತ್ರಿ ಇದರ ಚಿಕ್ಕ ತಮ್ಮನನ್ನು ಬಲ್ಲ: ಕಾರ್ಬ್ಯುರೇಟರಿಗೂ ಹೆಡ್ಡಿಗೂ ನಡುವೆ ಇರುವ ಕಪ್ಪು ಬೇಕಲೈಟ್ ಪ್ಯಾಕಿಂಗು ಮಾಡುವುದು ಇದೇ ಕೆಲಸ. ಸೋಜಿಗವೆಂದರೆ ಚಳಿ ನಾಡಿನ ಕಾರು ಕಂಪನಿಗಳು ಸ್ಪೇಸರನ್ನು ನೇರ ವಿರುದ್ಧ ಕೆಲಸಕ್ಕೂ ಬಳಸಿದ್ದವು. 1960ರ ದಶಕದ ಹಲವು ಫೋರ್ಡ್ ಇಂಜಿನ್ನುಗಳಲ್ಲಿ ಕಾರ್ಬ್ಯುರೇಟರಿನ ಕೆಳಗಿದ್ದ ಸ್ಪೇಸರಿನೊಳಗೆ ರೇಡಿಯೇಟರಿನ ಬಿಸಿನೀರು ಹರಿಯುತ್ತಿತ್ತು, ಥಂಡಿಯಲ್ಲಿ ಗಾಳಿಯ ತೇವ ಮಂಜುಗಟ್ಟದಿರಲೆಂದು.

ಗಾಳಿಗೆ ಜಾಗ ಮಾಡುವ ಚಪ್ಪಡಿ ಗಾಳಿಯನ್ನು ಕಟ್ಟಿಹಾಕಲೂ ಬರುತ್ತದೆ. 1987ರಲ್ಲಿ ಅಲಬಾಮಾದ ಟಾಲಡೇಗಾ ಓಟದ ಪಥದಲ್ಲಿ ಬಿಲ್ ಎಲಿಯಟ್ ಗಂಟೆಗೆ 212.809 ಮೈಲಿ ವೇಗದ ಅರ್ಹತಾ ಸುತ್ತು ಓಡಿದರು. ಅದೇ ಸ್ಪರ್ಧೆಯಲ್ಲಿ ಬಾಬಿ ಆಲಿಸನ್ ಅವರ ಕಾರು ಮೇಲಕ್ಕೆ ಹಾರಿ ಪ್ರೇಕ್ಷಕರ ಮುಂದಿನ ತಂತಿಬೇಲಿಯನ್ನು ಹರಿದುಹಾಕಿತು. ಮರುವರ್ಷ ಈ ಓಟಗಳನ್ನು ನಡೆಸುವ ನ್ಯಾಸ್ಕಾರ್ ಸಂಸ್ಥೆ ಡೇಟೋನಾ ಮತ್ತು ಟಾಲಡೇಗಾಗಳಲ್ಲಿ ಕಾರ್ಬ್ಯುರೇಟರಿನ ಕೆಳಗೆ ನಾಲ್ಕು ಕಿರಿ ತೂತುಗಳ ತಗಡು ಕಡ್ಡಾಯ ಮಾಡಿತು. ಇಂಜಿನ್ ಎಷ್ಟೇ ಬಲವಾಗಿರಲಿ, ಆ ತೂತುಗಳಲ್ಲಿ ಹಾಯ್ದಷ್ಟೇ ಗಾಳಿ, ಅಷ್ಟೇ ಶಕ್ತಿ. 2019ರಲ್ಲಿ ಆ ತಗಡಿನ ಜಾಗಕ್ಕೆ ಬಂದದ್ದು ಇಳಿಜಾರು ತೂತುಗಳ ಸ್ಪೇಸರ್.

1970ರ ಸುಮಾರಿಗೆ ಈ ವ್ಯಾಪಾರಕ್ಕೆ ಕಾನೂನು ಎದುರಾಯಿತು. ಲಾಸ್ ಏಂಜಲೀಸಿನ ಹೊಗೆಮಂಜಿನ ಕಾಟದಿಂದ ಕ್ಯಾಲಿಫೋರ್ನಿಯ 1967ರಲ್ಲೇ ವಾಯು ಸಂಪನ್ಮೂಲ ಮಂಡಳಿಯನ್ನು ಕಟ್ಟಿತ್ತು. 1970ರಲ್ಲಿ ಇಡೀ ದೇಶಕ್ಕೆ ಶುದ್ಧ ಗಾಳಿ ಕಾಯ್ದೆ ಬಂತು. ಹೊಗೆ ಹತೋಟಿಯ ಏರ್ಪಾಟಿಗೆ ಧಕ್ಕೆ ತರುವ ಬಿಡಿಭಾಗವನ್ನು ರಸ್ತೆಯ ಕಾರಿಗೆ ಹಾಕುವುದು ಕ್ಯಾಲಿಫೋರ್ನಿಯದ ವಾಹನ ಸಂಹಿತೆಯ 27156ನೇ ಕಲಮಿನಂತೆ ತಪ್ಪು. ತಯಾರಕ ತನ್ನ ಸರಕನ್ನು ಪರೀಕ್ಷೆಗೆ ಒಡ್ಡಿ ಮಂಡಳಿಯಿಂದ ವಿನಾಯಿತಿ ಆದೇಶ ಪಡೆದರೆ, ಆ ಆದೇಶದ ಸಂಖ್ಯೆಯಿರುವ ಚೀಟಿಯನ್ನು ಬಾನೆಟ್ಟಿನೊಳಗೆ ಅಂಟಿಸಿಕೊಂಡು ತಪಾಸಣೆಯಲ್ಲಿ ಪಾರಾಗಬಹುದು. ಹೀಗೆ ವೇಗದ ಬಿಡಿಭಾಗಗಳ ತವರಿನಲ್ಲೇ ಅವುಗಳಿಗೆ ಅತಿ ಬಿಗಿಯಾದ ಕಟ್ಟಳೆ. ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಬೇರೆ ದಾರಿ ಹಿಡಿದಿದೆ. ನೋಂದಣಿ ಪುಸ್ತಕದಲ್ಲಿರುವ ವಿವರಕ್ಕೂ ತಯಾರಕ ಮೂಲದಲ್ಲಿ ಕೊಟ್ಟ ವಿವರಕ್ಕೂ ಹೊಂದದಂಥ ಬದಲಾವಣೆಯನ್ನು ಒಡೆಯ ಮಾಡುವಂತಿಲ್ಲ ಎನ್ನುತ್ತದೆ ಅದು. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು.

1980ರ ದಶಕದಲ್ಲಿ ಕಾರ್ಬ್ಯುರೇಟರ್ ಹಿಂದೆ ಸರಿದು ಫ್ಯುಯೆಲ್ ಇಂಜೆಕ್ಷನ್ ಬಂತು. ಗಾಳಿದಾರಿಯ ಉದ್ದಕ್ಕೂ ಈಗ ಹೋಗುವುದು ಬರೀ ಗಾಳಿ. ಪೆಟ್ರೋಲು ಸಿಂಪಡಣೆಯಾಗುವುದು ವಾಲ್ವಿನ ಹತ್ತಿರ. ಆದರೂ ಹಳೆಯ ಚಪ್ಪಡಿಗೆ ಸುರುಳಿ ಗೆರೆ ಕೊರೆದು, ಗಾಳಿಯನ್ನು ಸುಳಿಯಾಗಿ ತಿರುಗಿಸಿ ಮೈಲೇಜು ಹೆಚ್ಚಿಸುತ್ತದೆಂದು ಮಾರಿದವರಿದ್ದರು. ಇಂಥ ಸರಕನ್ನು ನಂಬಲು ಕಾರಣವಿಲ್ಲ. ಪೆಟ್ರೋಲೇ ಇಲ್ಲದ ಕಡೆ ಪೆಟ್ರೋಲು-ಗಾಳಿ ಬೆರೆಸುವ ಮಾತು ಹುರುಳಿಲ್ಲದ್ದು; ಗಾಳಿದಾರಿಯ ಬಾಗಿಲಾದ ಥ್ರಾಟಲಿನಲ್ಲಿ ಎಬ್ಬಿಸಿದ ಸುಳಿ ಅಷ್ಟು ದೂರದ ವಾಲ್ವಿನ ತನಕ ಉಳಿಯುವುದೂ ಇಲ್ಲ. ಸ್ಪೇಸರ್ ಎಂಬ ಹೆಸರಿಗೆ ಅಂಟಿದ ಅಪಖ್ಯಾತಿಯಲ್ಲಿ ದೊಡ್ಡ ಪಾಲು ಇವುಗಳದು. 350ಝಡ್‌ನ ಸ್ಪೇಸರ್ ಮೇಲೂ ಮೊದಮೊದಲು ಇದೇ ಅನುಮಾನ ಸುಳಿಯಿತು. ಅದರ ಸಮಸ್ಯೆ ಮಾತ್ರ ನಿಜವಾದದ್ದು.

ಝಡ್ ಸರಣಿಯ ಕಾರುಗಳು ಶುರುವಾದದ್ದು 1969ರ ಕೊನೆಗೆ ಹೊರಬಂದ 240ಝಡ್‌ನಿಂದ. 300ಝಡ್‌ಎಕ್ಸ್ ಮಾರಾಟ ಅಮೆರಿಕದಲ್ಲಿ 1996ಕ್ಕೆ ನಿಂತಮೇಲೆ ಕೆಲವು ವರ್ಷ ಸರಣಿಯೇ ಬರಿದಾಗಿತ್ತು. ಸಾಲದಲ್ಲಿ ಮುಳುಗಿದ್ದ ನಿಸ್ಸಾನ್ ಚೇತರಿಸಿಕೊಳ್ಳುತ್ತಿದ್ದ ಹೊತ್ತಿನಲ್ಲಿ, ಕಾರ್ಲೋಸ್ ಘೋನ್ ಅವರ ಆಡಳಿತದಲ್ಲಿ, 2002ರಲ್ಲಿ 350ಝಡ್ ಬಂತು. ಅದರ ವಿಕ್ಯು35ಡಿಇ ಇಂಜಿನ್ನು ಆರು ಸಿಲಿಂಡರಿನ ವಿ ಆಕಾರದ್ದು, 3498 ಸಿ.ಸಿ., 287 ಅಶ್ವಶಕ್ತಿ. ಸ್ಕೈಲೈನ್ ಸೆಡಾನಿನ ತಳಪಾಯವನ್ನೂ ಇಂಜಿನ್ ಕುಟುಂಬವನ್ನೂ ಹಂಚಿಕೊಂಡದ್ದರಿಂದ ಬೆಲೆ ಹಿಡಿತದಲ್ಲಿತ್ತು. ಅಮೆರಿಕದ 'ವಾರ್ಡ್ಸ್' ಪತ್ರಿಕೆಯ ಹತ್ತು ಅತ್ಯುತ್ತಮ ಇಂಜಿನ್ನುಗಳ ಪಟ್ಟಿಯಲ್ಲಿ ವಿಕ್ಯು ಕುಟುಂಬ 1995ರಿಂದ 2008ರವರೆಗೆ ಒಂದು ವರ್ಷವೂ ತಪ್ಪದೆ ಇತ್ತು. ಇಂಥ ಇಂಜಿನ್ನಿನಲ್ಲಿ ಹುಳುಕು ಹುಡುಕುವುದು ಸುಲಭವಾಗಿರಲಿಲ್ಲ.

ಹುಳುಕು ಇದ್ದುದು ಮಾಡಿನಲ್ಲಿ. ಇಂಜಿನ್ನಿನ ನೆತ್ತಿಯಲ್ಲಿ ಪ್ಲೀನಮ್ ಎಂಬ ಅಲ್ಯುಮಿನಿಯಂ ಕೋಣೆಯಿದೆ. ಥ್ರಾಟಲಿನಿಂದ ಬಂದ ಗಾಳಿ ಅದರಲ್ಲಿ ತುಂಬಿ, ಆರು ಕೊಳವೆಗಳ ಮೂಲಕ ಆರು ಸಿಲಿಂಡರಿಗೆ ಇಳಿಯುತ್ತದೆ. ಕೋಣೆ ಎರಡು ತುಂಡಿನದು: ಕೊಳವೆಗಳ ಬಾಯಿಗಳಿರುವ ಕೆಳಭಾಗ, ಮೇಲೆ ಮುಚ್ಚಳ. ಸ್ಪೋರ್ಟ್ಸ್ ಕಾರಿನ ಬಾನೆಟ್ ಮುಂದಕ್ಕೆ ಬಾಗಿ ಇಳಿಯಬೇಕು. ಇಂಜಿನ್ನಿನ ಮೇಲೆ ಎರಡು ಸಸ್ಪೆನ್ಷನ್ ಗೋಪುರಗಳನ್ನು ಕಟ್ಟುವ ಅಡ್ಡಪಟ್ಟಿಯೊಂದು ಬೇರೆ ಹಾಯುತ್ತದೆ. ಹಾಗಾಗಿ ಮುಚ್ಚಳವೂ ಮುಂದುಗಡೆ ಬಾಗಿ ಇಳಿದಿತ್ತು. ಹಿಂದಿನ ನಾಲ್ಕು ಕೊಳವೆಗಳ ಮೇಲೆ ಸಾಕಷ್ಟು ಎತ್ತರ. ಮುಂದಿನ ಒಂದು ಮತ್ತು ಎರಡನೇ ಸಿಲಿಂಡರಿನ ಕೊಳವೆಗಳ ಮೇಲೆ ಮಾತ್ರ ಮಾಡು ತಲೆಗೆ ಬಡಿಯುವಷ್ಟು ತಗ್ಗು.

ಇದರ ಲೆಕ್ಕ ಶಾಲೆಯ ಗಣಿತದಲ್ಲೇ ಸಿಗುತ್ತದೆ. 50 ಮಿ.ಮೀ. ವ್ಯಾಸದ ಕೊಳವೆಯ ಬಾಯಿಯ ಮೇಲೆ ಒಂದು ಗೋಡೆ ಇದೆಯೆನ್ನಿ. ಗಾಳಿ ಕೊಳವೆಗೆ ಇಳಿಯಬೇಕಾದರೆ ಬಾಯಂಚಿಗೂ ಗೋಡೆಗೂ ನಡುವಿನ ಸುತ್ತಲಿನ ಸಂದಿಯಲ್ಲೇ ನುಸುಳಬೇಕು. ಆ ಸಂದಿಯ ಒಟ್ಟು ಕ್ಷೇತ್ರ ಕೊಳವೆಯ ಕ್ಷೇತ್ರಕ್ಕೆ ಸಮನಾಗುವುದು ಅಂತರ ವ್ಯಾಸದ ಕಾಲು ಭಾಗ, ಅಂದರೆ 12.5 ಮಿ.ಮೀ. ಇದ್ದಾಗ. ಅಂತರ ಅದಕ್ಕಿಂತ ಇಳಿದರೆ ಕೊಳವೆ ಎಷ್ಟೇ ಅಗಲವಿದ್ದೂ ವ್ಯರ್ಥ. ಗಾಳಿ ಅಲ್ಲಿ ಲಂಬವಾಗಿ ತಿರುಗಲೂಬೇಕಾದ್ದರಿಂದ ನಿಜವಾಗಿ ಬೇಕಾಗುವುದು ಅದಕ್ಕೂ ಹೆಚ್ಚು. ಇಂಥ ಕಡೆ ಮಾಡು ಕೆಲವೇ ಮಿಲಿಮೀಟರ್ ಏರಿದರೂ ಪರಿಣಾಮ ದೊಡ್ಡದು. ಮೊದಲೇ ಎತ್ತರವಿರುವ ಕಡೆ ಅಷ್ಟೇ ಏರಿಸಿದರೆ ಏನೂ ಆಗುವುದಿಲ್ಲ.

ಮುಂದಿನ ಎರಡು ಸಿಲಿಂಡರಿಗೆ ಗಾಳಿ ಕಡಿಮೆಯಾದರೆ ಕೆಡುಕು ಅಲ್ಲಿಗೇ ನಿಲ್ಲುವುದಿಲ್ಲ. ಇಂಜಿನ್ನಿನ ಕಂಪ್ಯೂಟರು ಹೊಗೆಯಲ್ಲಿರುವ ಆಮ್ಲಜನಕವನ್ನು ಅಳೆದು ಪೆಟ್ರೋಲನ್ನು ಹೊಂದಿಸುತ್ತದೆ. ಆದರೆ ಮೂರು ಸಿಲಿಂಡರುಗಳ ಒಂದು ಸಾಲಿನ ಹೊಗೆಯೆಲ್ಲ ಕಲೆತ ಮೇಲೆ ಅಳತೆ ನಡೆಯುವುದರಿಂದ ಅದಕ್ಕೆ ಸಿಗುವುದು ಸರಾಸರಿ ಮಾತ್ರ. ಗಾಳಿ ಕಡಿಮೆ ಸಿಕ್ಕಿದ ಸಿಲಿಂಡರಿಗೂ ಉಳಿದೆರಡರಷ್ಟೇ ಪೆಟ್ರೋಲು ಹೋಗಿ ಅಲ್ಲಿ ಹೆಚ್ಚಾಗುತ್ತದೆ. ಸರಾಸರಿ ಸರಿದೂಗಿಸಲು ಹೋಗಿ ಉಳಿದೆರಡರಲ್ಲಿ ತುಸು ಕಡಿಮೆಯಾಗುತ್ತದೆ. ಅಂಕಿ ಸರಿಯಾಗಿದ್ದೂ ಆರರಲ್ಲಿ ಒಂದೂ ತನ್ನ ಹದದಲ್ಲಿ ಉರಿಯುವುದಿಲ್ಲ.

ಮುಚ್ಚಳವನ್ನೇ ಹೊಸದಾಗಿ ಎರಕ ಹೊಯ್ದು ಕೊಡುವುದು ಒಂದು ಪರಿಹಾರ. ಕ್ರಾಫರ್ಡ್ ಹೆಸರಿನ ಪ್ಲೀನಮ್ ಹಾಗೆ ಬಂದದ್ದು, ಬೆಲೆಯೂ ಅದಕ್ಕೆ ತಕ್ಕಂತೆ. ಮೋಟಾರ್‌ಡೈನ್ ಎಂಬ ಕ್ಯಾಲಿಫೋರ್ನಿಯದ ಕಂಪನಿ ಹೆಸರುಮಾಡಿದ್ದು ಅಗ್ಗದ ದಾರಿಯಲ್ಲಿ: ಮೂಲ ಮುಚ್ಚಳವನ್ನೇ ಉಳಿಸಿಕೊಂಡು, ಅದರ ಕೆಳಗೆ ಕೋಣೆಯ ಅಂಚಿನದೇ ಆಕಾರದ ಚೌಕಟ್ಟು ಕೂರಿಸಿ ಇಡೀ ಮಾಡನ್ನು ಎತ್ತುವುದು. ದಪ್ಪ ಮುಖ್ಯವಾಗಿ ಎರಡು ಅಳತೆಯದು, 5/16 ಇಂಚು ಮತ್ತು 1/2 ಇಂಚು. ಸುಮಾರು 8 ಮತ್ತು 12.7 ಮಿ.ಮೀ. ದಪ್ಪ ಹೆಚ್ಚಿದಷ್ಟೂ ಗಾಳಿಗೆ ಒಳ್ಳೆಯದು, ಆದರೆ ಎತ್ತಿದ ಮುಚ್ಚಳ ಅಡ್ಡಪಟ್ಟಿಗೆ ತಾಗತೊಡಗುತ್ತದೆ. ಕಾರ್ಖಾನೆಯ ಇಂಜಿನಿಯರನ್ನು ಕಾಡಿದ್ದ ಜಾಗದ ಲೆಕ್ಕ ಈಗ ಕಾರಿನ ಒಡೆಯನ ತಲೆಗೆ ಬಂತು.

ಕೂರಿಸುವ ಕೆಲಸ ಅರ್ಧ ದಿನದ್ದು, ಮನೆಯ ಷೆಡ್ಡಿನಲ್ಲೇ ಆಗುವಂಥದ್ದು. ಈ ಸರಕು ಹಬ್ಬಿದ್ದಕ್ಕೆ ಅದೂ ಒಂದು ಕಾರಣ. ಇಂಜಿನ್ ಪೂರ್ತಿ ತಣಿದಿರಬೇಕು. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಅಡ್ಡಪಟ್ಟಿ ಬಿಚ್ಚಿ, ಏರ್ ಫಿಲ್ಟರಿನಿಂದ ಬರುವ ಕೊಳವೆಯ ಕ್ಲಿಪ್ಪು ಸಡಿಲಿಸಿ, ಥ್ರಾಟಲಿನ ವೈರು, ಮುಚ್ಚಳಕ್ಕೆ ಸೇರಿದ ರಬ್ಬರ್ ಹೋಸುಗಳನ್ನು ಒಂದೊಂದಾಗಿ ಗುರುತಿಟ್ಟು ತೆಗೆಯಬೇಕು. ಥ್ರಾಟಲಿಗೂ ಬಿಸಿನೀರಿನ ಹೋಸುಗಳಿವೆ, ಹಳೆಯ ಫೋರ್ಡಿನಲ್ಲಿದ್ದಂತೆ ಮಂಜು ಕಟ್ಟದಿರಲೆಂದು. ಮುಚ್ಚಳದ ಬೋಲ್ಟುಗಳನ್ನು ಹೊರಗಿನಿಂದ ಒಳಕ್ಕೆ, ಒಂದೇ ಸಲಕ್ಕೆ ಪೂರ್ತಿ ಬಿಚ್ಚದೆ, ಸ್ವಲ್ಪ ಸ್ವಲ್ಪವಾಗಿ ಸಡಿಲಿಸುತ್ತಾರೆ. ಇಲ್ಲದಿದ್ದರೆ ತೆಳು ಎರಕ ಸೊಟ್ಟಗಾಗುವ ಭಯ.

ಮುಚ್ಚಳ ಮೇಲೆದ್ದೊಡನೆ ಆರು ಬಾಯಿಗಳು ತೆರೆದು ನಿಲ್ಲುತ್ತವೆ. ಬಲ್ಲವರು ಮೊದಲು ಮಾಡುವ ಕೆಲಸ ಅವುಗಳಿಗೆ ಎಳೆ ಬಿಡದ ಬಟ್ಟೆ ತುರುಕುವುದು, ಆಮೇಲೆ ಬಟ್ಟೆಗಳ ಲೆಕ್ಕ ಇಡುವುದು. ಕೈತಪ್ಪಿದ ಒಂದು ನಟ್ಟು ಕೊಳವೆಯಲ್ಲಿ ಜಾರಿ ತೆರೆದ ವಾಲ್ವಿನ ಪಕ್ಕದಲ್ಲಿ ಸಿಲಿಂಡರಿಗೆ ಬಿದ್ದರೆ ಇಡೀ ಇಂಜಿನ್ ಬಿಚ್ಚಬೇಕಾಗುತ್ತದೆ. ಬಟ್ಟೆ ತೆಗೆಯಲು ಮರೆತರೂ ಕಷ್ಟವೇ. ಕೂಡುವ ಮುಖಗಳನ್ನು ಒರೆಸಿ, ಕೆಳಗೊಂದು ಗ್ಯಾಸ್ಕೆಟ್, ಅದರ ಮೇಲೆ ಸ್ಪೇಸರ್, ಮತ್ತೊಂದು ಗ್ಯಾಸ್ಕೆಟ್, ಮೇಲೆ ಮುಚ್ಚಳ. ಎತ್ತರ ಹೆಚ್ಚಿದ್ದರಿಂದ ಹಳೆಯ ಬೋಲ್ಟು, ಸ್ಟಡ್ಡುಗಳು ಗಿಡ್ಡವಾಗುತ್ತವೆ. ಉದ್ದನೆಯವು ಸ್ಪೇಸರ್ ಜೊತೆಗೇ ಬರುತ್ತವೆ. ಬಿಗಿ ಮಾಡುವ ಕ್ರಮ ಬಿಚ್ಚಿದ್ದಕ್ಕೆ ತಿರುಗುಮುರುಗು, ನಡುವಿನಿಂದ ಹೊರಕ್ಕೆ. ಸಣ್ಣ ಟಾರ್ಕ್ ರೆಂಚು ಇಲ್ಲದೆ ಇದಕ್ಕೆ ಇಳಿಯಬಾರದು. ಬೋಲ್ಟು ಕಚ್ಚುವ ಅಲ್ಯುಮಿನಿಯಂ ಮರೆ, ಎಂದರೆ ಥ್ರೆಡ್ಡು, ಮೆತ್ತಗಿನದು. ಇನ್ನೊಂದು ಕಾಲು ಸುತ್ತು ಬಿಗಿದರೆ ಭದ್ರವಾದೀತೆಂಬ ಆಸೆಗೆ ಮರೆ ಕಿತ್ತುಬಂದ ಪ್ರಸಂಗಗಳು ಈ ಕಸುಬಿನಲ್ಲಿ ಮಾಮೂಲು.

ಕೂಡುಮುಖವೊಂದು ಸರಿಯಾಗಿ ಕೂರದಿದ್ದರೆ ಇಂಜಿನ್ ತಾನೇ ಹೇಳುತ್ತದೆ. ಇಂಜಿನ್ ಐಡ್ಲಿಂಗಿನಲ್ಲಿರುವಾಗ ಪ್ಲೀನಮ್ಮಿನೊಳಗೆ ಒತ್ತಡ ಹೊರಗಿಗಿಂತ ಕಡಿಮೆ. ಸಂದಿಯಲ್ಲಿ ಗಾಳಿ ಸುಯ್ಯೆಂದು ಒಳಸೇರಿ ಐಡ್ಲಿಂಗ್ ಏರುತ್ತದೆ. ಸಂದಿಯಿಲ್ಲದೆಯೂ ಬ್ಯಾಟರಿ ಕಳಚಿದ ಮೇಲೆ ಐಡ್ಲಿಂಗ್ ಏರುಪೇರಾಗುವುದುಂಟು. ಎಲೆಕ್ಟ್ರಾನಿಕ್ ಥ್ರಾಟಲಿಗೆ ಅದರ ನೆಲೆಯನ್ನು ಮತ್ತೆ ಕಲಿಸುವ ಕ್ರಮವೊಂದನ್ನು ನಿಸ್ಸಾನಿನ ಸರ್ವಿಸ್ ಕೈಪಿಡಿಯೇ ಹೇಳಿದೆ.

ಲಾಭವೆಷ್ಟು ಎಂಬುದೇ ಜಗಳದ ವಿಷಯ. 287 ಅಶ್ವಶಕ್ತಿಯೆಂಬುದು ಇಂಜಿನ್ನಿನ ಕೊನೆಯಲ್ಲಿ ಅಳೆದದ್ದು. ಗೇರು, ಆಕ್ಸಲ್ ದಾಟಿ ಚಕ್ರದ ಬಳಿ ಡೈನೋ ಯಂತ್ರದಲ್ಲಿ ಅಳೆದರೆ ಅದು 240ರ ಆಸುಪಾಸಿಗೆ ಇಳಿಯುತ್ತದೆ. ಸ್ಪೇಸರ್ ಕೊಡುವುದು ಅದರ ಮೇಲೆ ಬೆರಳೆಣಿಕೆಯ ಅಶ್ವಶಕ್ತಿ, ಅದೂ ಹೆಚ್ಚಿನ ಸುತ್ತಿನಲ್ಲಿ. ಒಂದೇ ಕಾರನ್ನು ಒಂದೇ ಯಂತ್ರದ ಮೇಲೆ ಬೆಳಗ್ಗೆ ಒಮ್ಮೆ, ಬಿಸಿಲೇರಿದ ಮೇಲೆ ಒಮ್ಮೆ ಓಡಿಸಿದರೂ ಅಷ್ಟು ವ್ಯತ್ಯಾಸ ಬಂದೀತು. ಹಾಗಾಗಿ ಒಂದೇ ಓಟದ ನಕ್ಷೆಗೆ ಬೆಲೆಯಿಲ್ಲ. ಹಾಕುವ ಮೊದಲು ಹಲವು ಓಟ, ಹಾಕಿದ ಮೇಲೆ ಅದೇ ದಿನ ಅದೇ ತಾಪದಲ್ಲಿ ಹಲವು ಓಟ ಓಡಿಸಿ ಹೋಲಿಸಿದ್ದನ್ನಷ್ಟೇ ನಂಬಬಹುದು. ಹಾಗೆ ಅಳೆದವರ ನಕ್ಷೆಗಳಲ್ಲಿ ಹೆಚ್ಚಿನ ಸುತ್ತಿನ ಕಡೆಯ ಗೆರೆ ಮತ್ತೆ ಮತ್ತೆ ಒಂದಿಷ್ಟು ಮೇಲೇ ಇತ್ತು. ಮುಂದೆ ಶಾಖ ಹಾಯದ ಸ್ಪೇಸರುಗಳೂ ಗ್ಯಾಸ್ಕೆಟ್ಟುಗಳೂ ಬಂದವು. ಕಾರ್ಬ್ಯುರೇಟರ್ ಕಾಲದ ಫಿನಾಲಿಕ್ ಚಪ್ಪಡಿಯ ವಿದ್ಯೆಯೇ ಅದು.

ನಿಸ್ಸಾನ್ ಈ ಇಂಜಿನ್ನನ್ನು ತಿದ್ದುತ್ತಲೇ ಇತ್ತು. ನಡುವೆ 300 ಅಶ್ವಶಕ್ತಿಯ ಮಾದರಿಯೊಂದು ಬಂತು. 2007ರ ಮಾದರಿಗೆ ಹಾಕಿದ ವಿಕ್ಯು35ಎಚ್‌ಆರ್ ಮಾತ್ರ ಬಹುಮಟ್ಟಿಗೆ ಹೊಸ ಇಂಜಿನ್. ಎರಡು ಏರ್ ಫಿಲ್ಟರು, ಎರಡು ಥ್ರಾಟಲು, ಎಡಬಲ ಎರಡೂ ಸಾಲಿಗೆ ಒಂದೇ ಬಗೆಯ ನೇರ ದಾರಿ, ಶಕ್ತಿ 306. ಕನೆಕ್ಟಿಂಗ್ ರಾಡುಗಳನ್ನು ಉದ್ದ ಮಾಡಲು ಸಿಲಿಂಡರ್ ಬ್ಲಾಕಿನ ಎತ್ತರವನ್ನು 8 ಮಿ.ಮೀ.ಗಿಂತ ತುಸು ಹೆಚ್ಚಿಸಿದ್ದರು, ಕಾಕತಾಳೀಯವಾಗಿ ಸಣ್ಣ ಸ್ಪೇಸರಿನಷ್ಟೇ. ಎತ್ತರವಾದ ಇಂಜಿನ್ನಿಗೆ ಜಾಗ ಕೊಡಲು ಬಾನೆಟ್ಟಿನ ನಡುವೆ ಉಬ್ಬು ಬಂತು. ಹಳೆಯ ಮುಚ್ಚಳದ ವಿನ್ಯಾಸವೇ ಇಲ್ಲದ್ದರಿಂದ ಎಚ್‌ಆರ್ ಇಂಜಿನ್ನಿಗೂ, 370ಝಡ್‌ನ 3.7 ಲೀಟರಿನ 332 ಅಶ್ವಶಕ್ತಿಯ ಇಂಜಿನ್ನಿಗೂ ಆ ಚೌಕಟ್ಟಿನ ಕೆಲಸ ಬೀಳಲಿಲ್ಲ. ಅದು ಹೊಂದುವುದು 2002ರಿಂದ 2006ರವರೆಗಿನ 350ಝಡ್‌ಗೆ ಮತ್ತು ಅದೇ ಇಂಜಿನ್ನಿದ್ದ ಇನ್ಫಿನಿಟಿ ಜಿ35ಗೆ. ಈ ಕಾರುಗಳು ಈಗ ಎರಡನೇ, ಮೂರನೇ ಒಡೆಯರ ಕೈಯಲ್ಲಿವೆ. ಬಳಸಿದ ಸ್ಪೇಸರುಗಳೂ ಉದ್ದನೆಯ ಬೋಲ್ಟುಗಳ ಜೊತೆ ಕೈಯಿಂದ ಕೈಗೆ ಮಾರಾಟವಾಗುತ್ತಿವೆ.